ಹನ್ನೊಂದನೆಯ ಅಧ್ಯಾಯದ ಮುದುಕ

ಸತ್ತವನು ಬಾಗಿಲು ತಟ್ಟಿ ಒಳಗೆ ಬಂದು ಕುಡಿಯಲು ಬಿಸಿನೀರು ಕೇಳಿದ್ದು ಹನ್ನೊಂದನೆಯ ಅಧ್ಯಾಯದಲ್ಲಿ. ಕಾದಂಬರಿ ಸರಣಿಯ ಮೂರನೆಯ ಪುಸ್ತಕದಲ್ಲೇ ಗಗನನೌಕೆಯ ಹೊರಗೆ ಹೋಗಿ ಇಲ್ಲವಾಗಿದ್ದ ಮುದುಕ ನಾವಿಕ, ಆರನೆಯದರಲ್ಲಿ ಏನೂ ಆಗದವನ ಹಾಗೆ ಬಂದು ಕೂತಿದ್ದ. ಬರೆದವಳಿಗೆ ಗೊತ್ತಾಗಲಿಲ್ಲ, ಕರಡು ತಿದ್ದಿದವರಿಗೂ ಗೊತ್ತಾಗಲಿಲ್ಲ. ಓದುಗರಿಗೆ ಮಾತ್ರ ಪುಸ್ತಕ ಕೈಗೆ ಬಂದ ದಿನವೇ ಗೊತ್ತಾಯಿತು. ವಿಜ್ಞಾನ ಕಥೆ ಓದುವವರೆಂದರೆ ಮೊಸರಿನಲ್ಲಿ ಕಲ್ಲು ಹುಡುಕುವ ಜನ. ಸಿಕ್ಕ ಕಲ್ಲನ್ನು ಬಿಸಾಡದೆ ಒರೆಸಿ ಜೇಬಿಗಿಟ್ಟುಕೊಳ್ಳುವವರೂ ಅವರೇ.

"ಎರಡನೇ ಮುದ್ರಣ ಶುರುವಾಗೋಕೆ ಮುಂಚೆ ಹೇಳಿಬಿಡಿ ಮೇಡಂ," ಎಂದು ಪ್ರಕಾಶಕ ಮಧ್ಯಾಹ್ನ ಫೋನ್ ಮಾಡಿದ್ದ. "ಆ ಮುದುಕನ್ನ ಎಬ್ಬಿಸಿ, ಅವನ ಜಾಗದಲ್ಲಿ ಬೇರೆ ಯಾರನ್ನಾದ್ರೂ ಕೂರಿಸಿದ್ರೆ ಮುಗೀತು. ಐದು ನಿಮಿಷದ ಕೆಲಸ."

ಆಗ ಲೇಖಕಿ ಕೃತಕ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಯಾರದೋ ಕೆಳದವಡೆಯ ಮೇಣದ ಅಚ್ಚಿಗೆ ಹಲ್ಲು ಕೂರಿಸುತ್ತಿದ್ದಳು. ಹೊಟ್ಟೆಪಾಡಿಗೆ ಹಲ್ಲಿನ ಸೆಟ್ಟು, ಬೆಳಗಿನ ಜಾವಕ್ಕೆ ನಕ್ಷತ್ರಗಳು. ಅವಳ ಸಂಸಾರ ಹೀಗೇ ನಡೆದು ಬಂದಿತ್ತು. "ಸಂಜೆ ಹೇಳ್ತೀನಿ" ಎಂದಳು. ಐದು ನಿಮಿಷದ ಕೆಲಸವೆಂದು ಅವಳಿಗೂ ಗೊತ್ತಿತ್ತು. ಆದರೆ ಆ ಮುದುಕ ಅವಳ ಅಪ್ಪ.

ಬಾಗಿಲು ಹಾರುಹೊಡೆದಿದ್ದರೂ ಅಪ್ಪ ಚೌಕಟ್ಟಿಗೆ ಎರಡು ಸಲ ತಟ್ಟಿಯೇ ಒಳಗೆ ಬರುತ್ತಿದ್ದ. ಒಲೆಯ ಮುಂದಿನಿಂದ ಅಮ್ಮ ತಿರುಗಿಯೂ ನೋಡದೆ "ತೆಗೆದೇ ಇದೆ, ಬನ್ನಿ" ಎನ್ನುತ್ತಿದ್ದಳು. ತಟ್ಟುವುದನ್ನು ನಾವಿಕನಿಗೆ, ಉತ್ತರವನ್ನು ನೌಕೆಯ ಜನಕ್ಕೆ ಕೊಟ್ಟು, ಲೇಖಕಿ ಈ ಗುಟ್ಟನ್ನು ಯಾರಿಗೂ ಹೇಳಿರಲಿಲ್ಲ. ಅಪ್ಪನಿಗೆ ಮಾತ್ರ ಗೊತ್ತಾಗಿತ್ತು. ಮೂರನೆಯ ಪುಸ್ತಕ ಓದಿ, "ನನ್ನನ್ನೇ ಮುಗಿಸಿಬಿಟ್ಟೆಯಲ್ಲೇ, ಪುಣ್ಯಾತ್ಗಿತ್ತಿ!" ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದ. ಅಪ್ಪ ನಿಜವಾಗಿ ಹೋದದ್ದು ಆರನೆಯದನ್ನು ಬರೆಯುವಾಗ. ಆ ದಿನಗಳಲ್ಲಿ ಅವಳು ಬರೆದಳು ಎನ್ನುವುದಕ್ಕಿಂತ ಕೈ ಬರೆಯಿತು ಎನ್ನಬೇಕು.

ಅವಳ ಓದುಗರ ಬಳಗ ಸೇರುತ್ತಿದ್ದದ್ದು ಒಂದು ಹೊಲಿಗೆ ಶಾಲೆಯ ಮಹಡಿಯಲ್ಲಿ, ಬಟ್ಟೆ ಮುಚ್ಚಿದ ಯಂತ್ರಗಳ ನಡುವೆ. ತಪ್ಪಾಯಿತು, ತೆಗೆಯುತ್ತೇನೆ ಎಂದು ಹೇಳಿ ಬಂದುಬಿಡೋಣವೆಂದು ಲೇಖಕಿ ಮೊದಲ ಸಲ ಆ ಮೆಟ್ಟಿಲು ಹತ್ತಿದಳು. ಒಳಗೆ ಕಾಲಿಟ್ಟದ್ದೇ ತಡ, ಬಳಗದವನೇ ಆದ ಲಿಫ್ಟ್ ರಿಪೇರಿಯವನೊಬ್ಬ ಕೂಗಿದ. "ಮೇಡಂ ತಟ್ಟಲೇ ಇಲ್ಲ!"

"ಏನು ತಟ್ಟಬೇಕಿತ್ತು?"

"ಬಿಡೋ, ಬರೆದವರಿಗೆ ರಿಯಾಯಿತಿ," ಎಂದು ಪಕ್ಕದಲ್ಲಿದ್ದ ನರ್ಸ್ ಒಬ್ಬಳು ಅವನನ್ನು ಗದರಿ ಕುರ್ಚಿ ಎಳೆದು ಕೊಟ್ಟಳು. ಅಷ್ಟರಲ್ಲಿ ಬಾಗಿಲ ಚೌಕಟ್ಟಿನ ಮೇಲೆ ಟಕ್ ಟಕ್ ಎಂದಿತು. ಕೂತವರೆಲ್ಲ ಒಂದೇ ದನಿಯಲ್ಲಿ, "ತೆಗೆದೇ ಇದೆ, ಬನ್ನಿ!" ಎಂದರು. ಲೇಖಕಿ ಕುರ್ಚಿಯಿಂದ ಅರ್ಧ ಎದ್ದು ಬಾಗಿಲತ್ತ ನೋಡಿದಳು. "ನಮ್ಮ ರೂಢಿ ಮೇಡಂ. ನಿಮ್ಮ ಮೊದಲನೇ ಪುಸ್ತಕದಿಂದ," ಎಂದಳು ನರ್ಸ್.

ಬಂದವರು ಗಣಿತದ ನಿವೃತ್ತ ಮೇಷ್ಟ್ರು. ಅವರು ಎದ್ದು ನಿಂತರೆ ಎಂಥ ಲೇಖಕರ ಮುಖವೂ ಕಪ್ಪಿಡುತ್ತಿತ್ತಾದ್ದರಿಂದ ಬಳಗದವರು ಅವರಿಗಿಟ್ಟ ಹೆಸರು ಗ್ರಹಣ.

ಚರ್ಚೆ ಶುರುವಾಯಿತು. ಮುದುಕ ಹಿಮನಿದ್ರೆಯಲ್ಲಿದ್ದ ಎಂದ ಲಿಫ್ಟಿನವನು. ಬಂದದ್ದು ಮುದುಕನಲ್ಲ, ನೌಕೆಯ ನೆನಪೇ ಅವನ ರೂಪ ತಾಳಿತು ಎಂದಳು ನರ್ಸ್. ಒಬ್ಬರ ಮಾತು ಒಬ್ಬರು ಕೇಳಲಿಲ್ಲ. ಕೊನೆಗೆ ಎಲ್ಲರೂ ಅವಳತ್ತ ತಿರುಗಿದರು. "ಯಾರದು ಸರಿ, ನೀವೇ ಹೇಳಿ."

"ಯಾರದೂ ಅಲ್ಲ," ಎಂದಳು ಲೇಖಕಿ. "ಆ ಮುದುಕ ಮೂರನೇದರಲ್ಲೇ ಹೋಗಿದ್ದು ನಂಗೆ ಮರ್ತೇಹೋಗಿತ್ತು. ಅದು ನಮ್ಮಪ್ಪ. ಈ ತಟ್ಟೋದೆಲ್ಲ ಅವರದೇ. ಅವರು ತೀರಿಕೊಂಡಾಗ ಬರೆದ ಅಧ್ಯಾಯ ಅದು. ತಪ್ಪಾಯ್ತು. ಹೊಸ ಮುದ್ರಣದಲ್ಲಿ ತೆಗೀತೀನಿ."

ಗ್ರಹಣ ಎದ್ದರು. ಕೈಯಲ್ಲಿ ಬೆನ್ನು ಕಿತ್ತುಹೋಗಿ ಮತ್ತೆ ಅಂಟಿಸಿದ್ದ ಮೂರನೆಯ ಪುಸ್ತಕವಿತ್ತು.

"ತಪ್ಪು ತೋರಿಸಬೇಕು ಅಂತಲೇ ಇದನ್ನ ಮತ್ತೆ ಓದ್ದೆ ಕಣಮ್ಮ. ಆಂಟೆನಾ ಸರಿಮಾಡೋಕೆ ಹೊರಗೆ ಹೋದ ಅಂತಿದೆ. ಬಾಗಿಲು ಮುಚ್ಕೊಂಡಿತು ಅಂತಿದೆ. ಕಾದರು, ಬರಲಿಲ್ಲ ಅಂತಿದೆ. ಸತ್ತ ಅಂತ ನೀನು ಎಲ್ಲೂ ಬರೆದಿಲ್ಲ."

"ಎಲ್ಲರೂ ಅಳ್ತಾರಲ್ಲ ಸಾರ್?" ಎಂದ ಲಿಫ್ಟಿನವನು.

"ಅಳ್ತಾರೆ. ನಾನೂ ಅತ್ತಿದೀನಿ. ಅತ್ತ ಮಾತ್ರಕ್ಕೆ ಸತ್ತ ಅಂತ ಸಾಬೀತಾಗಲ್ಲ." ಅವರು ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು. "ತಪ್ಪೇ ಇಲ್ಲ. ತೆಗೀಬೇಡ."

ಯಾವ ಲೇಖಕನಿಗೂ ಒಂದು ಸೊನ್ನೆಯನ್ನೂ ಬಿಟ್ಟುಕೊಡದ ಮನುಷ್ಯ! ತಾನೇ ಬರೆದು ತಾನೇ ಮರೆತಿದ್ದ ಒಂದು ಬಾಗಿಲನ್ನು ಈ ಜನ ಇಷ್ಟು ವರ್ಷ ಕಾದುಕೊಂಡಿದ್ದರು. ಅವರ ಮೇಲೆ ಲೇಖಕಿಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಏನಾದರೂ ಹೇಳಲು ಹೋಗಿದ್ದರೆ ಅತ್ತೇಬಿಡುತ್ತಿದ್ದಳು. ಕಿಟಕಿಯ ಬಳಿಗೆ ಹೋಗಿ ಪ್ರಕಾಶಕನಿಗೆ ಫೋನ್ ಮಾಡಿದಳು. "ಹಾಗೇ ಇರ್ಲಿ. ಒಂದಕ್ಷರಾನೂ ಮುಟ್ಟಬೇಡಿ."

ಬೆನ್ನ ಹಿಂದೆ ಗಲಾಟೆ ಮತ್ತೆ ಶುರುವಾಗಿತ್ತು. ಸಾಯದಿದ್ದರೆ ಇಷ್ಟು ದಿನ ಇದ್ದದ್ದೆಲ್ಲಿ ಎಂದು ಲಿಫ್ಟಿನವನು ಕೇಳುತ್ತಿದ್ದ, ನಿನಗೆ ಹೇಳಿ ಹೋಗಬೇಕಿತ್ತೇನೋ ಎಂದು ನರ್ಸ್ ಅವನ ಮೇಲೆ ಹರಿಹಾಯುತ್ತಿದ್ದಳು. ಅದರ ನಡುವೆ, ತಡವಾಗಿ ಬಂದ ಯಾರೋ ಚೌಕಟ್ಟಿಗೆ ಎರಡು ಸಲ ತಟ್ಟಿದರು. ಜಗಳದಲ್ಲಿ ಯಾರಿಗೂ ಕೇಳಿಸಲಿಲ್ಲ.

"ತೆಗೆದೇ ಇದೆ, ಬನ್ನಿ," ಎಂದಳು ಲೇಖಕಿ, ಕಿಟಕಿಯಿಂದ ತಿರುಗದೆ.