ಅಚ್ಚಿನ ಬಾಯಿ

ಯಂತ್ರದ ಒಂದು ಬೋಲ್ಟನ್ನೂ ಮುಚ್ಚಿಡದೆ ನಕ್ಷೆ ಬರೆದಿದ್ದೇನೆ ಎಂಬ ಖಾತ್ರಿ ಫಿರದೋಸಳಿಗಿತ್ತು. ಬೈರಿದೇವರಕೊಪ್ಪದ ವೆಲ್ಡಿಂಗ್ ಅಂಗಡಿಯಲ್ಲಿ ಅವಳ ತಂದೆ ಗುಲಾಬಸಾಬರು ಕಟ್ಟಿದ ಕೈಯಂತ್ರ ಅದು. ಮಣ್ಣನ್ನು ಸುಡದೆ, ಒತ್ತಿಯೇ ಇಟ್ಟಿಗೆ ಮಾಡುತ್ತದೆ. ಯಾರು ಬೇಕಾದರೂ ನೋಡಿ ಮಾಡಿಕೊಳ್ಳಲಿ ಎಂದು ಅವಳು ಎಲ್ಲವನ್ನೂ ಅಳೆದು ಇಂಟರ್ನೆಟ್ಟಿಗೆ ಹಾಕಿದ್ದಳು.

ಆ ನಕ್ಷೆ ನಂಬಿ ಮೊದಲು ಮನೆ ಕಟ್ಟಲು ಕೈ ಹಾಕಿದವರು ಹೆಬ್ಬಳ್ಳಿಯ ಶಿಕ್ಷಕಿ ಉಮಾಶ್ರೀ. ಊರಿನ ವೆಲ್ಡರ್ ಪ್ರಸಾದನಿಂದಲೇ ಯಂತ್ರ ಮಾಡಿಸಿದರು. ಇಟ್ಟಿಗೆ ಹೊರಗೆ ಬಂತು, ಅಂಚು ಅಚ್ಚಿನಲ್ಲೇ ಉಳಿಯಿತು. ಮಣ್ಣು ಬದಲಿಸಿ, ನೀರು ಕಡಿಮೆ ಮಾಡಿ ಮುನ್ನೂರು ಒತ್ತಿದರು. ಮುನ್ನೂರೂ ಇಲಿ ಕಡಿದಂತಿದ್ದವು. ಕೊನೆಗೆ ಫೋನು ಮಾಡಿ, ರವಿವಾರದೊಳಗೆ ಸರಿಯಾಗದಿದ್ದರೆ ಭಟ್ಟಿಯ ಇಟ್ಟಿಗೆಗೆ ಹೇಳಿಬಿಡುತ್ತೇನೆ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಫಿರದೋಸಳಿಗೆ ಚುಚ್ಚಿದ್ದು ಅದೇ.

ಶನಿವಾರ ತಂದೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೆಬ್ಬಳ್ಳಿಗೆ ಹೋದಳು. ಗುಲಾಬಸಾಬರು ಅಚ್ಚಿನೊಳಗೆ ಒಮ್ಮೆ ಬೆರಳಾಡಿಸಿದರು. ಆಮೇಲೆ ಬಹಳ ಮರ್ಯಾದೆಯಿಂದ ಉಮಾಶ್ರೀಯವರಿಗೆ ಚಹಾ ಕೇಳಿ, ಪ್ರಸಾದನನ್ನು ನಟ್ಟು ಬಿಚ್ಚುವ ಯಾವುದೋ ಪಾನಾ ತರಲು ಕಳಿಸಿ, ಮಗಳಿಗೂ ಅಡುಗೆಮನೆಯತ್ತ ಕೈ ತೋರಿಸಿದರು. ಎರಡು ಹೆಜ್ಜೆ ನಡೆದವಳು ನಿಂತುಬಿಟ್ಟಳು.

ಅಂಗಡಿಯಲ್ಲೂ ಹೀಗೇ. ಅಚ್ಚಿನ ಪೆಟ್ಟಿಗೆ ಬೆಸೆಯುವ ಹೊತ್ತಿಗೇ ತಂದೆಗೆ ಚಹಾ ಬೇಕಾಗುತ್ತಿತ್ತು, ತರಲು ಹೋಗುವವಳು ಅವಳೇ. ಅವರಿಗೆ ಕೆಲಸ ಕಲಿಸಿದ ಉಸ್ತಾದರೂ ಅವರನ್ನು ಹೀಗೇ ಸಾಗಹಾಕುತ್ತಿದ್ದರಂತೆ. ತಂದೆ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ಕಲಿತರು. ಅವಳಿಗೆ ಇಣುಕುವ ಬುದ್ಧಿ ಬರಲಿಲ್ಲ. ಮುಗಿದ ಪೆಟ್ಟಿಗೆಯ ತಳದ ಅಗಲ ಅಳೆದು, ಮೇಲಿನ ಬಾಯಿಯೂ ಅಷ್ಟೇ ಇರಬೇಕೆಂದು ಬರೆದುಕೊಂಡಿದ್ದಳು.

"ನಾ ಹೋಗೂದಿಲ್ಲ ಅಬ್ಬಾ. ಏನ್ ಮಾಡ್ತೀರಿ, ಇವರ ಮುಂದನ ಮಾಡ್ರಿ."

"ಚಿತ್ರ ಕೊಟ್ಟಿಯಲ್ಲ. ಕೈನೂ ಕೊಡಬೇಕೇನು?"

"ಎಲ್ಲಾ ಕೊಟ್ಟೇನಿ ಅಂತ ಹೇಳಿದಾಕಿ ನಾನು. ಇವರ ಇಟ್ಟಂಗಿ ಮುರದದ್ದು ನನ್ನ ಮಾತಿನಿಂದ."

"ಈಗ ಸರಿ ಮಾಡಿ ಕೊಡ್ತೇನಲ್ಲ."

"ಇದೊಂದು ಸರಿ ಆಕ್ಕೈತಿ. ಮುಂದಿನ ಊರಾಗ?"

ಪಾನಾ ಹಿಡಿದು ಬಂದಿದ್ದ ಪ್ರಸಾದ ನಡುವೆ ಬಾಯಿ ಹಾಕಿದ. "ಬೇಕಾದ್ರ ನಾ ಕಣ್ಣ ಮುಚ್ಚಿ ನಿಂದರ್ತೇನ್ರಿ ಕಾಕಾ. ಕಿವಿಯಾಗ ಹೇಳಿಬಿಡ್ರಿ."

ಗುಲಾಬಸಾಬರು ನಕ್ಕರು. ನಕ್ಕ ಮೇಲೆ ಬಿಗಿಯಾಗಿರುವುದು ಅವರಿಗೂ ಕಷ್ಟವಾಯಿತು. ಚೀಲದಿಂದ ಎರಡು ಹ್ಯಾಕ್ಸಾ ಬ್ಲೇಡು ತೆಗೆದರು. ಬೆಸೆಯುವಾಗ ಬಾಯಿಯ ಎರಡೂ ಬದಿಯ ಸಂದಿಗೆ ಒಂದೊಂದು ಸಿಗಿಸಬೇಕು. ತಳಕ್ಕಿಂತ ಬಾಯಿ ಬ್ಲೇಡಿನ ದಪ್ಪದಷ್ಟು ಅಗಲವಾದರೆ ಸಾಕು, ಮೇಲೆದ್ದ ಇಟ್ಟಿಗೆ ಅಚ್ಚಿನ ಗೋಡೆ ಬಿಟ್ಟು ಬರುತ್ತದೆ ಎಂದರು.

ತಾವೇ ಬೆಸೆಯಲು ಎದ್ದವರನ್ನು ಫಿರದೋಸ ಕಲ್ಲಿನ ಮೇಲೆ ಕೂರಿಸಿ, ಮುಟ್ಟಬಾರದೆಂದಳು. ಪ್ರಸಾದ ಪೆಟ್ಟಿಗೆ ಕೊಯ್ದು ಮತ್ತೆ ಜೋಡಿಸತೊಡಗಿದ. ಕೈ ಕಟ್ಟಿ ಕುಳಿತ ಗುಲಾಬಸಾಬರಿಗೆ ಬಾಯಿ ಕಟ್ಟಲಾಗಲಿಲ್ಲ. ಕಾವಿಗೆ ತಗಡು ಒಳಕ್ಕೆ ಬಾಗುತ್ತದೆ, ಒಂದು ಮೂಲೆ ಬೆಸೆದು ಎದುರು ಮೂಲೆಗೆ ಹೋಗು ಎಂದರು. ಉಸ್ತಾದರು ಸಾಯುವತನಕ ಯಾರಿಗೂ ಹೇಳದ ಮಾತುಗಳೂ ಒಂದೊಂದೇ ಬಂದವು. ಫಿರದೋಸ ತಲೆಯೆತ್ತದೆ ಬರೆದುಕೊಂಡಳು.

ಸಂಜೆಯ ಮೊದಲ ಇಟ್ಟಿಗೆ ನಾಲ್ಕೂ ಅಂಚು ಸಮೇತ ಎದ್ದು ಬಂತು. ಉಮಾಶ್ರೀ ಹೆಬ್ಬೆರಳಿಂದ ಸುತ್ತಲೂ ಸವರಿದರು. ಇನ್ನೂ ಹತ್ತು ಒತ್ತಿಸಿದರು. ಸೋಮವಾರ ಬಾ ಎಂದು ಗೋಡೆ ಕಟ್ಟುವ ಗೌಂಡಿಗೆ ಫೋನು ಮಾಡಿದರು.

ಫಿರದೋಸ ಅಲ್ಲೇ ನಿಂತು ಮೊಬೈಲಿನಲ್ಲಿ ನಕ್ಷೆ ತಿದ್ದಿದಳು. ಗುಲಾಬಸಾಬರು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಬ್ಲೇಡು ಸಣ್ಣದ ಕಾಣಾಕತ್ತೇತಿ. ದೊಡ್ಡದು ಬರಿ, ಮಂದಿಗೆ ಕಾಣಬೇಕಲ್ಲ."