ಹಿಂದೆ ಬೀಳಲು ಕಲಿತ ಸೈಕಲ್

ನಾನು ಒಂದು ರೇಸ್ ಸೈಕಲ್. ಹಳದಿ ಮೈ, ಬಾಗಿದ ಹ್ಯಾಂಡಲ್, ಬೆರಳು ದಪ್ಪದ ಟೈರು. ಕಾರ್ಖಾನೆಯಲ್ಲಿ ಕೊಳವೆಗೆ ಕೊಳವೆ ಬೆಸೆದು, ಬಣ್ಣ ಬಳಿದು, ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿದಾಗಲೇ ನನ್ನ ಬಗ್ಗೆ ನನಗೆ ಅಭಿಮಾನ ಸ್ವಲ್ಪ ಜಾಸ್ತಿಯಿತ್ತು. ಹಾಲಿನ ಕ್ಯಾನು ಹೊರುವ ಜಾತಿ ನಾನಲ್ಲ, ನನಗೆ ಕ್ಯಾರಿಯರ್ರೇ ಇಲ್ಲ. ಸ್ಟ್ಯಾಂಡೂ ಇಲ್ಲ. ನಿಲ್ಲುವುದಕ್ಕೆ ಹುಟ್ಟಿದ್ದೇ ಅಲ್ಲ ನಾನು ಅಂದುಕೊಂಡಿದ್ದೆ.

ಜಂಬ ಇಳಿಯಲು ಬಹಳ ದಿನ ಹಿಡಿಯಲಿಲ್ಲ. ನನ್ನನ್ನು ಮೊದಲು ಕೊಂಡವರು ಹುಬ್ಬಳ್ಳಿಯ ಒಬ್ಬ ಹಲ್ಲಿನ ಡಾಕ್ಟರು. ಕೆಲವು ಭಾನುವಾರ ಉಣಕಲ್ ಕೆರೆಯ ತನಕ ಹೋಗಿ ಬಂದರು, ಆಮೇಲೆ ಅವರಿಗೆ ಸೊಂಟ ಹಿಡಿಯಿತು. ಅಲ್ಲಿಂದ ಮುಂದೆ ಬಾಲ್ಕನಿಯಲ್ಲಿ ನನ್ನ ಹ್ಯಾಂಡಲ್ ಮೇಲೆ ಅವರ ಮನೆಯ ಒದ್ದೆ ಟವೆಲ್ಲುಗಳು ಒಣಗಿದವು. ರೇಸ್ ಸೈಕಲ್ಲಿಗೆ ಬಂದ ಗತಿ ನೋಡಿ!

ಆ ಟವೆಲ್ಲುಗಳಿಂದ ನನ್ನನ್ನು ಬಿಡಿಸಿಕೊಂಡು ಬಂದವಳು ವಿಜಯಪುರದ ದಾನಮ್ಮ. ಬಸ್ ನಿಲ್ದಾಣದ ಹಿಂದೆ ಅವಳದೊಂದು ಖಾನಾವಳಿ. ಜೋಳದ ರೊಟ್ಟಿ ಬಡಿದು ಬಡಿದು ಗಟ್ಟಿಯಾದ ತೋಳು. ಅವಳು ಹ್ಯಾಂಡಲ್ ಹಿಡಿದ ಕೂಡಲೇ ಇದು ಟವೆಲ್ ಒಣಹಾಕುವ ಕೈಯಲ್ಲ ಅಂತ ನನಗೆ ಗೊತ್ತಾಯಿತು. ಹುಡುಗಿಯಾಗಿದ್ದಾಗ ಕ್ರೀಡಾ ಹಾಸ್ಟೆಲಿನಲ್ಲಿದ್ದು ಸೈಕಲ್ಲಿನಲ್ಲಿ ರಾಜ್ಯಮಟ್ಟದ ಪದಕ ಗೆದ್ದವಳಂತೆ. ಆಮೇಲೆ ಮದುವೆ, ಮಕ್ಕಳು, ಖಾನಾವಳಿ. ಮತ್ತೆ ಪೆಡಲ್ ಮುಟ್ಟಿರಲಿಲ್ಲ. ಮಕ್ಕಳು ಕಾಲೇಜು ಸೇರಿದ ಮೇಲೆ ಅವಳಿಗೊಂದು ಹುಚ್ಚು ಹಿಡಿಯಿತು. ಟ್ರಯಥ್ಲಾನ್ ಅಂತ ಒಂದು ಆಟ. ಮೊದಲು ಸಮುದ್ರದಲ್ಲಿ ಈಜಬೇಕು, ಆಮೇಲೆ ತೊಂಬತ್ತು ಕಿಲೋಮೀಟರ್ ಸೈಕಲ್ ಹೊಡೆಯಬೇಕು, ಅದರ ಬೆನ್ನಿಗೇ ಇಪ್ಪತ್ತೊಂದು ಕಿಲೋಮೀಟರ್ ಓಡಬೇಕು. ಎಲ್ಲವೂ ಗಡುವಿನೊಳಗೆ ಮುಗಿಯಬೇಕು. ಅವಳು ಹುಟ್ಟಿದ್ದು ಕೃಷ್ಣಾ ದಂಡೆಯ ಹಳ್ಳಿಯಲ್ಲಿ, ಹಾಗಾಗಿ ಈಜಿನ ಚಿಂತೆ ಇರಲಿಲ್ಲ. ಸೈಕಲ್ಲಿಗೆ ನಾನಿದ್ದೆ. ಓಟವನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ.

ಲೆಕ್ಕಕ್ಕೆ ಹಿಡಿಯದವರಲ್ಲಿ ಮೊದಲಿಗರು ಅವಳ ಕಾಕಾ ಚನಮಲ್ಲಪ್ಪ. ತಮ್ಮ ಕಾಲದಲ್ಲಿ ದೊಡ್ಡ ರೇಸ್‌ಗಾರರು. ಓಡುವವರು ಅಂದರೆ ಸೈಕಲ್ ಪಂಕ್ಚರ್ ಆದವರು, ಅಷ್ಟೇ ಅವರ ತಿಳಿವಳಿಕೆ. ಬೆಳಗ್ಗೆ ಸೋಲಾಪುರ ರಸ್ತೆಯಲ್ಲಿ ಅವರ ಶಿಷ್ಯರ ಅಭ್ಯಾಸ ನಡೆಯುತ್ತಿತ್ತು. ಎಲ್ಲರಿಗಿಂತ ಹಿಂದೆ ಊರು ಮುಟ್ಟಿದವರು ಎಲ್ಲರ ಸೈಕಲ್ ತೊಳೆಯಬೇಕು, ಅದು ಕಾಕಾ ಮಾಡಿದ ಪದ್ಧತಿ. ಹರೆಯದ ಹುಡುಗರ ನಡುವೆ ದಾನಮ್ಮ ಒಮ್ಮೆಯೂ ಬಟ್ಟೆ ಬಕೆಟ್ ಮುಟ್ಟಲಿಲ್ಲ. ನಾನಂತೂ ನೆಲದ ಮೇಲೇ ಇರಲಿಲ್ಲ.

ಕರಾವಳಿಯ ಒಂದು ಊರಿನಲ್ಲಿ ಮೊದಲ ಸ್ಪರ್ಧೆ. ನನ್ನ ಬಾಳಿನಲ್ಲೇ ಅಂಥ ಬೆಳಗು ಕಂಡಿರಲಿಲ್ಲ. ಲಕ್ಷಗಟ್ಟಲೆ ಬೆಲೆಯ ಸೈಕಲ್ಲುಗಳನ್ನು ಒಂದೊಂದಾಗಿ ಹಿಂದಕ್ಕೆ ಹಾಕುತ್ತಾ ಹೋದೆವು. ಯಾರಾದರೂ ಪಕ್ಕಕ್ಕೆ ಬಂದರೆ ದಾನಮ್ಮ ಹಲ್ಲು ಕಚ್ಚಿ ಇನ್ನೂ ಬಿಗಿ ಗೇರಿಗೆ ಹಾಕುತ್ತಿದ್ದಳು. ಮುಂದಿನವರ ಗುಂಪಿನಲ್ಲೇ ಬಂದು, ಸೈಕಲ್ ಬಿಡುವ ಜಾಗದ ಕಂಬಿಗೆ ನನ್ನನ್ನು ತೂಗುಹಾಕಿ ಓಡಲು ಹೋದಳು. ಸ್ವಲ್ಪ ಹೊತ್ತಿಗೆ ಅವಳನ್ನು ಒಂದು ವ್ಯಾನಿನಲ್ಲಿ ತಂದು ಇಳಿಸಿದರು. ತೊಡೆ ಎರಡೂ ಕಲ್ಲಾಗಿ ರಸ್ತೆ ಪಕ್ಕ ಕೂತುಬಿಟ್ಟಿದ್ದಳಂತೆ. ಎದ್ದು ನಿಲ್ಲಲೂ ಆಗಿರಲಿಲ್ಲ.

ಸ್ಪರ್ಧೆಗೆ ಬಂದಿದ್ದ ಕಾಕಾನ ಜೊತೆ ಊರಿಗೆ ಮರಳಿದೆವು. ಮನೆ ಹತ್ತಿರ ಬಂದಾಗ ಕಾಕಾನಿಗೆ ಹೇಳಿದಳು: "ಇನ್ನೊಂದ ಸಲ ನೋಡ್ತೀನಿ. ಅದೂ ಆಗ್ಲಿಲ್ಲ ಅಂದ್ರ ಈ ಸೈಕಲ್ ಯಾರಿಗರ ಕೊಟ್ಟು ರೊಟ್ಟಿ ಬಡ್ಕೋತ ಇರ್ತೀನಿ."

ನನ್ನ ಎದೆ ಧಸಕ್ಕೆಂದಿತು. ಸೈಕಲ್ಲಿಗೆ ಎದೆ ಎಲ್ಲಿ ಅಂತ ಕೇಳಬೇಡಿ, ಆ ದಿನ ಇತ್ತು.

ಮಾರನೇ ವಾರದಿಂದ ದಾನಮ್ಮ ನನ್ನನ್ನು ಖಾನಾವಳಿಯ ಗೋಡೆಯ ಮೊಳೆಗೆ ತೂಗುಹಾಕಿ ದಿನವೂ ಓಡತೊಡಗಿದಳು. ಗುಲಾಬಿ ಬಣ್ಣದ ಹೊಸ ಬೂಟು ಬಂದವು. ಬೆಳಗ್ಗೆ ನನ್ನ ಮುಂದೆಯೇ ಅವನ್ನು ಮೆಟ್ಟಿಕೊಂಡು ಹೋಗುವಳು. ನನಗೆ ಎಂಥ ಹೊಟ್ಟೆಕಿಚ್ಚು ಅಂತೀರಿ! ಆ ಬೂಟಿನ ಲಾಡಿ ಹರಿಯಲಿ ಅಂತ ಹರಕೆ ಹೊತ್ತಿದ್ದೆ. ಲಾಡಿ ಹರಿಯಲಿಲ್ಲ, ಅವಳ ಮೊಣಕಾಲು ಊದಿಕೊಂಡಿತು. ರೊಟ್ಟಿ ಕಲ್ಲಿನ ಮುಂದೆ ಕಾಲು ಮಡಚಿ ಕೂರಲೂ ಆಗದಂತಾಯಿತು. ಆಗ ನನಗೆ ನನ್ನ ಮೇಲೇ ಸಿಟ್ಟು ಬಂತು.

ಹುಡುಗಿಯರ ಶಾಲೆಯಲ್ಲಿ ಆಟ ಕಲಿಸುವ ಮೆಹಜಬೀನ್ ಟೀಚರ್ ದಿನಾ ಖಾನಾವಳಿಗೇ ಊಟಕ್ಕೆ ಬರುತ್ತಿದ್ದರು. ಕುಂಟುತ್ತಾ ಪಲ್ಯ ಬಡಿಸಲು ಬಂದ ದಾನಮ್ಮನ ಕೈ ಹಿಡಿದು ಕೂರಿಸಿ ಚೆನ್ನಾಗಿ ಬೈದರು. "ಅಕ್ಕಾ, ಓಟದ ಪೆಟ್ಟು ಎಲುಬಿಗೆ ಬೀಳ್ತದ. ಸೈಕಲ್ ಹಂಗಲ್ಲ. ದಮ್ಮು ಸೈಕಲ್ ಮ್ಯಾಲ ಬೆಳಸ್ರಿ. ಕಾಲಿಗೆ ಸ್ವಲ್ಪ ಸ್ವಲ್ಪ ಓಟ ರೂಢಿ ಮಾಡಸ್ರಿ. ಒಂದನ್ನ ಬಿಟ್ಟು ಒಂದು ಹಿಡದ್ರ ಎರಡೂ ಕೈ ಕೊಡ್ತಾವ."

ಮೊಳೆಯ ಮೇಲೆ ನೇತಾಡುತ್ತಲೇ ನಾನು ಕುಣಿದುಬಿಟ್ಟೆ.

ನೋವು ಇಳಿದ ಮೇಲೆ ಮೆಹಜಬೀನ್ ಹೇಳಿದಂತೆಯೇ ನಡೆಯಿತು. ಒಂದು ಭಾನುವಾರ ನನ್ನ ಜೊತೆ ದೂರದ ಸವಾರಿ, ಮುಂದಿನ ಭಾನುವಾರ ಬೂಟಿನ ಜೊತೆ ದೂರದ ಓಟ. ಓಟ ಹೆಚ್ಚಿದ ವಾರ ಸವಾರಿ ಕಡಿಮೆ, ಹಗುರ. ಕೆಲವು ದಿನ ನನ್ನನ್ನು ಮೈದಾನದ ಗೇಟಿಗೆ ಒರಗಿಸಿ, ಇಳಿದ ಕಾಲಿನಲ್ಲೇ ಓಡಬೇಕು. ಮೊದಮೊದಲು ಅವಳ ಹೆಜ್ಜೆ ಆಗತಾನೇ ಹುಟ್ಟಿದ ಕರುವಿನ ಹಾಗಿದ್ದವು. ಗೇಟಿನ ಹತ್ತಿರ ನಿಂತವರು ನಕ್ಕರೆ ಅವಳೂ ನಗುತ್ತಾ ಓಡುತ್ತಿದ್ದಳು. ಬರಬರುತ್ತಾ ಹೆಜ್ಜೆ ಕೂಡಿಕೊಂಡವು. ಬೂಟಿನ ಜೊತೆ ನನಗೂ ಒಂದು ರೀತಿಯ ನಂಟು ಬೆಳೆಯಿತು.

ಆದರೆ ಮೆಹಜಬೀನ್ ಇನ್ನೊಂದು ಮಾತು ಹೇಳಿದ್ದರು, ಅದು ನುಂಗಲಾರದ ತುತ್ತು. ಬಿಗಿ ಗೇರು ಮುಟ್ಟಬಾರದು, ಯಾರಾದರೂ ಮುಂದೆ ಹೋದರೆ ಬೆನ್ನು ಹತ್ತಬಾರದು, ಸೈಕಲ್ ಇಳಿಯುವಾಗ ಕಾಲಿನಲ್ಲಿ ಪೂರಾ ಒಂದು ಓಟ ಮಿಕ್ಕಿರಬೇಕು. ಸೋಲಾಪುರ ರಸ್ತೆಯಲ್ಲಿ ಹಾಗೆ ನಡೆದುಕೊಂಡರೆ ಏನಾಗುತ್ತದೆ? ಅದೇ ಆಯಿತು. ಹುಡುಗರೆಲ್ಲ ಮುಂದೆ ಹೋದರು, ನಾವು ಹಿಂದೆ ಬಿದ್ದೆವು, ದಾನಮ್ಮ ಎಲ್ಲರ ಸೈಕಲ್ ತೊಳೆದಳು. ಕಾಕಾ ಅವಳ ಕಡೆ ಬೆನ್ನು ಹಾಕಿ ಕೂತರು. ನನಗೆ ಅವಮಾನದಿಂದ ಮೈಯೆಲ್ಲ ಉರಿಯಿತು. ಅವಳು ಮಾತ್ರ ಕೊನೆಯ ಸೈಕಲ್ ಒರೆಸಿ, ಬೂಟು ಮೆಟ್ಟಿ, ಆರಾಮಾಗಿ ಓಡುತ್ತಾ ಮನೆಗೆ ಹೋದಳು. ಆಮೇಲಿನ ವಾರಗಳಲ್ಲಿ ಹುಡುಗರು ಅವಳಿಗಾಗಿ ಮೊದಲೇ ಬಕೆಟ್ ತುಂಬಿಡತೊಡಗಿದರು.

ಎರಡನೇ ಸ್ಪರ್ಧೆಯ ದಿನ ಬಂತು. ಅದೇ ಊರು, ಅದೇ ಸಮುದ್ರ. ಸೈಕಲ್ ದಾರಿ ಮೂರು ಸುತ್ತು, ತಿರುವಿನಲ್ಲಿ ಕಾಕಾ ಪಂಚೆ ಎತ್ತಿ ಕಟ್ಟಿ ನಿಂತಿದ್ದರು. ಮೊದಲ ಸುತ್ತಿನಲ್ಲಿ ನಮ್ಮನ್ನು ದಾಟಿ ಹೋಗುವವರನ್ನು ನೋಡಿ ತಡೆಯಲಾರದೆ "ಹೊಡಿ ದಾನವ್ವ, ಹೊಡಿ" ಎಂದು ಕೂಗಿದರು. ನಿಜ ಹೇಳುತ್ತೇನೆ, ನನ್ನ ಚೈನು ತಾನಾಗಿಯೇ ಜಿಗಿಯಿತು. ದಾನಮ್ಮನ ಕಾಲೂ ಬಿಗಿಯಿತು, ನಾಲ್ಕು ಜನರನ್ನು ಹಿಂದಿಕ್ಕಿದೆವು. ಆಮೇಲೆ ಅವಳು ಒಂದು ಉದ್ದ ಉಸಿರು ಬಿಟ್ಟು ಗೇರು ಸಡಿಲಿಸಿದಳು. ಆ ನಾಲ್ವರೂ ಮತ್ತೆ ಮುಂದೆ ಹೋದರು.

ಎರಡನೇ ಸುತ್ತಿನಲ್ಲಿ ಕಾಕಾ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಇನ್ನೂ ಎಷ್ಟೋ ಜನ ನಮ್ಮನ್ನು ದಾಟಿದರು. ಮೂರನೇ ಸುತ್ತಿನಲ್ಲಿ ಅವರು ರಸ್ತೆಯ ಅಂಚಿಗೇ ಬಂದರು, ಅವರ ಕಣ್ಣು ತುಂಬಿತ್ತು.

"ನಿಧಾನ್ಕ ಹೋಗವ್ವ," ಅಂದರು. "ಹೋಗೋರು ಹೋಗ್ಲಿ ಬಿಡು."

ಸೈಕಲ್ ಮೇಲಿದ್ದ ಯಾರಿಗೂ ಆ ಮನುಷ್ಯ ಜೀವಮಾನದಲ್ಲೇ ಹೇಳದ ಮಾತು ಅದು.

ದಾನಮ್ಮ ನನ್ನನ್ನು ಕಂಬಿಗೆ ತೂಗುಹಾಕಿ ಬೂಟು ಮೆಟ್ಟಿ ಹೋದಳು. ಮುಂದಿನದನ್ನು ನೋಡುವ ಭಾಗ್ಯ ನನಗಿಲ್ಲ, ಕಾಯುವುದೊಂದೇ ಕೆಲಸ. ಬಿಸಿಲು ನೆತ್ತಿಗೇರಿತು. ಮುಗಿಸಿದವರು ಬಂದು ತಮ್ಮ ತಮ್ಮ ಸೈಕಲ್ ಬಿಡಿಸಿಕೊಂಡು ಹೋದರು. ಕಂಬಿ ಖಾಲಿಯಾಗುತ್ತಾ ಬಂತು. ವ್ಯಾನಿನ ಸದ್ದು ಕೇಳಿದಾಗಲೆಲ್ಲ ನನಗೆ ಜೀವ ಹೋದಂತಾಗುತ್ತಿತ್ತು. ಹೊತ್ತು ವಾಲಿದ ಮೇಲೆ ಬಂದದ್ದು ದಾನಮ್ಮನಲ್ಲ, ಕಾಕಾ. ಬರಿಗಾಲು, ಚಪ್ಪಲಿ ಕೈಯಲ್ಲಿ, ಮೈಯೆಲ್ಲ ಬೆವರು, ಉಸಿರು ಮೇಲೆ ಕೆಳಗೆ. ಮುಗಿಯಿತು ನನ್ನ ಕಥೆ ಅಂದುಕೊಂಡೆ.

ಕಾವಲಿಗಿದ್ದವನು ಏನಾಯ್ತು ಯಜಮಾನ್ರೇ, ಪಂಕ್ಚರ್ರಾ ಅಂತ ಚೇಷ್ಟೆ ಮಾಡಿದ. ಕಾಕಾ ನನ್ನ ಸೀಟಿನ ಮೇಲೆ ಎರಡೂ ಕೈ ಊರಿ ಏದುಸಿರಿನಲ್ಲೇ ನಕ್ಕರು. ದಾನಮ್ಮ ಕೊನೆಯ ತನಕ ಒಂದು ಕಡೆಯೂ ನಿಲ್ಲಲಿಲ್ಲವಂತೆ. ಬೆಳಗ್ಗೆ ನಮ್ಮನ್ನು ದಾಟಿದವರಲ್ಲಿ ಎಷ್ಟೋ ಜನ ನಡೆಯುತ್ತಿದ್ದಾಗ ಅವಳು ಓಡುತ್ತಲೇ ಇದ್ದಳಂತೆ. ಗಡುವಿಗೆ ಇನ್ನೂ ಹೊತ್ತಿರುವಾಗಲೇ ಓಟ ಮುಗಿಸಿದಳಂತೆ. ಕೊನೆಯ ತುಂಡು ದಾರಿಯಲ್ಲಿ ಹಗ್ಗದ ಈಚೆಯಿಂದ ಅವಳ ಜೊತೆ ಕಾಕಾ ಕೂಡ ಓಡಿದರಂತೆ. ಹೇಳುತ್ತಾ ಹೇಳುತ್ತಾ ಅವರಿಗೆ ಅಳು ಬಂತು. ನನ್ನ ಸಂತೋಷ ಹೇಗಿತ್ತೆಂದರೆ, ಆಗ ಯಾರಾದರೂ ನನ್ನ ಗಂಟೆ ಬಾರಿಸಬೇಕಿತ್ತು. ಆದರೆ ರೇಸ್ ಸೈಕಲ್ಲಿಗೆ ಗಂಟೆಯೂ ಇರುವುದಿಲ್ಲ ನೋಡಿ.

ಅದಾಗಿ ಬಹಳ ಕಾಲವಾಯಿತು. ದಾನಮ್ಮನಿಗೆ ಈಗ ಹೊಸ ಸೈಕಲ್ ಇದೆ. ನನ್ನ ಬಣ್ಣ ಎದ್ದಿದೆ, ಮುಂದಿನ ಚಕ್ರ ಸ್ವಲ್ಪ ಸೊಟ್ಟಗಾಗಿದೆ, ಖಾನಾವಳಿಯ ಮೂಲೆಯಲ್ಲಿ ಒರಗಿಕೊಂಡು ಉಣ್ಣುವವರನ್ನು ನೋಡುತ್ತಾ ಇದ್ದೇನೆ. ಬೇಸರವಿಲ್ಲ. ಮೊನ್ನೆ ಊಟಕ್ಕೆ ಬಂದ ಒಬ್ಬ ಸೈಕಲ್ ವ್ಯಾಪಾರಿ ಇದನ್ನೇಕೆ ಸುಮ್ಮನೆ ಇಟ್ಟುಕೊಂಡಿದ್ದೀರಿ, ಕೊಟ್ಟುಬಿಡಿ ಅಂತ ಕೇಳಿದ. ದಾನಮ್ಮ ಹಂಚಿನ ಮೇಲಿನ ರೊಟ್ಟಿ ಮಗುಚಿದಳು.

"ಕೊಡಾಂಗಿಲ್ರಿ," ಅಂದಳು. "ನನಗ ಓಡೋದು ಕಲಿಸಿದ್ದು ಅದೇ."