ಅಪ್ಪಣೆ ಇದ್ದ ಆಟ

"ಏಯ್, ಮೂಲೆ ಬಿಟ್ಟೆಯಲ್ಲೇ! ಕಣ್ಣೇನು ನೆತ್ತಿ ಮೇಲಿದೆಯಾ?"

ಮೇಡಂ ಸೋಫಾದ ಮೇಲೆ ಕಾಲೆತ್ತಿಕೊಂಡು ಕೂತಿದ್ದರು. ಎತ್ತಿದ್ದು ನೆಲ ಒರೆಸುವವಳಿಗೆ ಅನುಕೂಲವಾಗಲಿ ಎಂದು. ಹಾಡುಗಾತಿ ಮಂಡಿಯಲ್ಲೇ ಹಿಂದಕ್ಕೆ ಸರಿದು, ಬಿಟ್ಟ ಮೂಲೆಯನ್ನು ಒರೆಸಿದಳು.

ಅವಳು ವಿಮಾನ ಹತ್ತಿ ಈ ದೇಶಕ್ಕೆ ಬಂದದ್ದು ಹಾಡುವುದಕ್ಕೆ. ಸಂಘದ ವಾರ್ಷಿಕೋತ್ಸವದಲ್ಲಿ ಅವಳ ಮೇಳದ ಆಟವಿತ್ತು. ಮೇಳವೆಂದರೆ ಹಾಡಲು ಇವಳು, ಡೋಲು ಬಡಿಯಲು ಮೈದುನ, ಕುಣಿಯಲು ಅವನ ಹೆಂಡತಿ. ಕರೆಸಿಕೊಂಡವರು ಸಂಘದ ಅಧ್ಯಕ್ಷರು. ಹೋಟೆಲು ದಂಡವೆಂದು ತಮ್ಮ ಮನೆಯಲ್ಲೇ ಇಳಿಸಿಕೊಂಡರು. ಮನೆಯೆಂದರೆ ಕಾರು ನಿಲ್ಲಿಸುವ ಶೆಡ್ಡು. ಬಂದ ದಿನ ಅಧ್ಯಕ್ಷರ ಹೆಂಡತಿ, ಈ ಮೇಡಂ, "ಸುಮ್ನೆ ಕೂತಿದೀರಲ್ಲ, ಆ ಪಾತ್ರೆ ತೊಳೆದುಬಿಡಿ" ಎಂದಿದ್ದರು. ಮರುದಿನ ಹಾಗೆ ಕೇಳುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಕೆಲಸದವಳನ್ನು ಬರಬೇಡ ಎಂದರು. ಈಗ ಓರಗಿತ್ತಿಯ ಪಾಲಿಗೆ ಅಡುಗೆಮನೆಯ ಸಿಂಕು, ಮೈದುನನ ಪಾಲಿಗೆ ಕಾರು ಮತ್ತು ನಾಯಿ. ತಾವು ಉಂಡ ತಟ್ಟೆಯನ್ನು ಮಾತ್ರ ಇವರು ತೊಳೆಯಬೇಕಾಗಿರಲಿಲ್ಲ. ಇವರಿಗೆ ಕಾಗದದ ತಟ್ಟೆ. ಸ್ಟೀಲಿನದು ನಾಯಿಗಿತ್ತು.

ಪಾಸ್‌ಪೋರ್ಟುಗಳು ಅಧ್ಯಕ್ಷರ ಮೇಜಿನ ಡ್ರಾಯರಿನಲ್ಲಿದ್ದವು. ವಿಮಾನ ಇಳಿದ ಕೂಡಲೇ, "ಕಳೆದುಹಾಕ್ತೀರಾ, ಕೊಡಿ ಇಲ್ಲಿ" ಎಂದು ಈಸಿಕೊಂಡಿದ್ದರು.

"ಸಾರ್," ಎಂದಳು ಹಾಡುಗಾತಿ ಒಂದು ದಿನ, "ಆಟ ಮುಗಿದ ಮಾರನೇ ದಿನ ನಾವು ಹೊರಡಬೇಕು. ಪಾಸ್‌ಪೋರ್ಟು..."

"ಅದಕ್ಕೇನು ರೆಕ್ಕೆ ಬರುತ್ತಾ? ಟಿಕೆಟ್ ಮುಂದಕ್ಕೆ ಹಾಕ್ಸಿದೀನಿ. ನಾವು ಮನೆ ಬದಲಾಯಿಸ್ತಿದೀವಿ, ಸಾಮಾನು ಕಟ್ಟೋರು ಯಾರು? ವೀಸಾ ಇನ್ನೂ ಇದೆ. ಇದ್ದು ವಿದೇಶ ನೋಡಿ."

ಇವರಿಗೆ ಕಂಡ ವಿದೇಶ ಶೆಡ್ಡಿನ ಕಿಟಕಿಯಲ್ಲಿ ಹಿಡಿಸುವಷ್ಟಿತ್ತು.

"ಯಾರಿಗಾದ್ರೂ ಬಾಯಿ ಬಿಟ್ರೆ ಜೈಲು ನಿಮಗೇ, ನನಗಲ್ಲ. ವೀಸಾ ಕೊಟ್ಟಿರೋದು ಹಾಡೋದಕ್ಕೆ, ಮನೆಗೆಲಸಕ್ಕಲ್ಲ" ಎಂದು ಅಧ್ಯಕ್ಷರೇ ಕಾನೂನು ತಿಳಿಸಿದರು. "ಆಮೇಲೆ, ಆಟದ ಕೊನೇಲಿ ಕೋಲು ಕೊಡ್ತೀರಲ್ಲ, ಅದು ನನ್ನ ಕೈಗೇ ಬರಬೇಕು. ಪೇಪರಿನವರು ಇರ್ತಾರೆ."

ಆಟ ಮುಗಿಯುವಾಗ ಸಭೆಯ ದೊಡ್ಡ ಮನುಷ್ಯನನ್ನು ಮೇಲಕ್ಕೆ ಕರೆದು, ಡೋಲಿನ ಕೋಲು ಕೈಗಿಟ್ಟು, ಒಂದು ಪೆಟ್ಟು ಹಾಕಿಸುವುದು ಈ ಮೇಳದ ರೂಢಿ. ಒಲ್ಲೆನೆಂದವನ ಮಾನ ಅಲ್ಲೇ ಹೋಗುತ್ತಿತ್ತು.

"ಬಡ್ಡೀಮಗನಿಗೆ ಆ ಕೋಲಲ್ಲೇ ಬುರುಡೆ ಬಿಚ್ತೀನಿ ಅತ್ತಿಗೆ" ಎಂದ ಮೈದುನ, ಶೆಡ್ಡಿನಲ್ಲಿ.

"ಬಿಚ್ಚಿ? ಊರಿಗೆ ಈಜ್ಕೊಂಡು ಹೋಗ್ತೀಯಾ?"

ಆಟಕ್ಕೆ ಎರಡು ದಿನವಿರುವಾಗ ವೀಸಾ ತಪಾಸಣೆಗೆಂದು ವಲಸೆ ಕಚೇರಿಯ ಅಧಿಕಾರಿ ಬಂದ. ಜೊತೆಗೆ ಇವರ ಭಾಷೆ ಬಲ್ಲ ಒಬ್ಬ ದುಭಾಷಿ ಹೆಂಗಸು. ಬಾಗಿಲು ತೆಗೆದ ಮೈದುನನ ಕೈಯಲ್ಲಿ ಕಾರು ತೊಳೆವ ಬಕೆಟ್ಟಿತ್ತು. ಒಳಗೆ ಓರಗಿತ್ತಿಗೆ ಮೊಣಕೈವರೆಗೆ ನೊರೆ. ಹಾಡುಗಾತಿ ನೆಲದ ಮೇಲೆ. ಅಧಿಕಾರಿ ಮೂವರನ್ನೂ ನೋಡಿ ಪೆನ್ನು ತೆಗೆದ.

ಅಧ್ಯಕ್ಷರು ಮೆಟ್ಟಿಲಿಳಿದು ಓಡಿಬಂದು, ನಗುತ್ತ, ಕೈ ಬೀಸುತ್ತ, ಆ ದೇಶದ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ದುಭಾಷಿ ಹಾಡುಗಾತಿಯ ಕಡೆ ತಿರುಗಿದಳು.

"ನೀವು ಅಭ್ಯಾಸ ಮಾಡ್ತಿದೀರಂತೆ. ನೆಲ ಒರೆಸೋದು, ಪಾತ್ರೆ ತೊಳೆಯೋದು ಎಲ್ಲ ನಿಮ್ಮ ಆಟದಲ್ಲೇ ಬರುತ್ತಂತೆ. ಹೌದಾ?"

ಅಧಿಕಾರಿಯ ಬೆನ್ನ ಹಿಂದೆ ಅಧ್ಯಕ್ಷರು ಅಂಗಿಯ ಜೇಬನ್ನು ಮೆಲ್ಲಗೆ ತಟ್ಟಿದರು. ಡ್ರಾಯರಿನ ಕೀಲಿ ಅಲ್ಲಿತ್ತು.

"ಹೌದು ತಾಯಿ" ಎಂದಳು ಹಾಡುಗಾತಿ. "ತಲೆತಲಾಂತರದಿಂದ ಮಾಡ್ಕೊಂಡು ಬಂದಿದೀವಿ."

ಅಧಿಕಾರಿ ತಲೆದೂಗಿದ. ದುಭಾಷಿ ನಿಯಮ ಹೇಳಿದಳು. ಹಾಡಬಹುದು, ಬಾರಿಸಬಹುದು, ಕುಣಿಯಬಹುದು, ಅಭ್ಯಾಸ ಮಾಡಬಹುದು, ಕಲೆಯ ಬಗ್ಗೆ ಮಾತಾಡಬಹುದು. ಸಂಬಳ ಕೊಡಲಿ ಬಿಡಲಿ, ಯಾರ ಮನೆಯ ಕೆಲಸವನ್ನೂ ಮಾಡುವ ಹಾಗಿಲ್ಲ.

"ಆಟದಲ್ಲಿ ಇಂಥದ್ದೇ ಹಾಡ್ಬೇಕು ಅಂತ ಏನಾದ್ರೂ ಇದೆಯಾ ತಾಯಿ?"

ದುಭಾಷಿ ಕೇಳಿ ಹೇಳಿದಳು. "ಇಲ್ಲ. ಆಟದಲ್ಲಿ ಏನು ಬೇಕಾದ್ರೂ ಹಾಡಬಹುದಂತೆ. ಇವರಿಗೆ ನಿಮ್ಮ ಆಟ ನೋಡ್ಬೇಕಂತೆ. ವಾರ್ಷಿಕೋತ್ಸವಕ್ಕೆ ಬರ್ತಾರಂತೆ."

ಕಾರಿನ ಸದ್ದು ದೂರವಾದ ಮೇಲೆ ಅಧ್ಯಕ್ಷರು ಬೆವರೊರೆಸಿಕೊಂಡರು. "ದರಿದ್ರ ಮುಂಡೇವಾ, ಬಾಗಿಲು ತೆಗೆಯೋವಾಗ ಬಕೆಟ್ ಹಿಡ್ಕೊಂಡು ಹೋಗ್ತಾರೇನೋ? ಈಗ ವೇದಿಕೆ ಮೇಲೂ ಅದನ್ನೇ ಏನಾದ್ರೂ ಕುಣಿದು ಸಾಯಿರಿ."

"ಸಾಮಾನು ಬೇಕಲ್ಲ ಸಾರ್."

"ಮನೇಲಿರೋದು ಏನು ಬೇಕೋ ಹೊತ್ಕೊಂಡು ಬಾ!"

ಅವಳು ಹೊತ್ತುಕೊಂಡು ಬಂದಳು.

ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಅಧಿಕಾರಿ, ಪಕ್ಕದಲ್ಲಿ ದುಭಾಷಿ, ಅವರ ಪಕ್ಕ ಮೇಡಂ. ಅಧ್ಯಕ್ಷರು ಮೈಕಿನ ಮುಂದೆ ಶ್ರಮಿಕರ ಕಲೆ, ಮಣ್ಣಿನ ಕಲೆ ಎಂದೆಲ್ಲ ಹೊಗಳಿ, ಇಳಿದು ಕೂತರು. ಡೋಲು ಶುರುವಾಯಿತು. ಓರಗಿತ್ತಿ ಹೆಜ್ಜೆ ಹಾಕುತ್ತ ಬಂದು ಬುಟ್ಟಿ ಇಳಿಸಿದಳು. ಅದರೊಳಗೆ ಬೆಳಗಿನ ಎಂಜಲು ಹಾಗೇ ಇದ್ದ ಬಟ್ಟಲುಗಳು, ಅಧ್ಯಕ್ಷರ ಬನಿಯನ್ನು, ಮೇಡಂ ಕಾಲೊರೆಸುವ ಮ್ಯಾಟು, ನಾಯಿಯ ಸ್ಟೀಲು ತಟ್ಟೆ. ಹಾಡುಗಾತಿ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಮಂಡಿಯೂರಿದಳು. ಹಾಡು ಎತ್ತಿದಳು.

ಪದ ಕಟ್ಟುವ ಕಷ್ಟ ಅವಳಿಗಿರಲಿಲ್ಲ. ದಿನಾ ಕೇಳಿಸಿಕೊಂಡದ್ದನ್ನು ರಾಗಕ್ಕೆ ಹಾಕಿದಳು, ಅಷ್ಟೆ. ಏಯ್, ಮೂಲೆ ಬಿಟ್ಟೆಯಲ್ಲೇ. ಕಣ್ಣೇನು ನೆತ್ತಿ ಮೇಲಿದೆಯಾ. ಮೈದುನ ಪ್ರತಿ ಬೈಗುಳಕ್ಕೂ ಒಂದು ಉರುಳಿಕೆ ಕೊಟ್ಟ. ಸಭೆ ಬಿದ್ದು ಬಿದ್ದು ನಕ್ಕಿತು. ನಾಯಿಗೆ ಸ್ಟೀಲು, ನಮಗೆ ಕಾಗದ. ಇನ್ನೂ ನಕ್ಕಿತು. ಮೇಡಂ ಮಾತ್ರ ಮೊಬೈಲು ನೋಡತೊಡಗಿದರು. ದುಭಾಷಿ ಅಧಿಕಾರಿಯ ಕಿವಿಗೆ ಬಾಗಿ ಸಾಲು ಸಾಲನ್ನೂ ಹೇಳುತ್ತಿದ್ದಳು. ಹಾಗಾಗಿ ಅವನ ನಗು ಎಲ್ಲರಿಗಿಂತ ಒಂದು ಸಾಲು ಹಿಂದೆ ಬರುತ್ತಿತ್ತು.

ಮೂರು ಪಾಸ್‌ಪೋರ್ಟು ಡ್ರಾಯರಿನಾಗೆ, ಡ್ರಾಯರಿನ ಕೀಲಿ ನಮ್ ಸಾರ್ ಜೇಬಿನಾಗೆ, ಎಂದು ಹಾಡಿದಳು. ಇದನ್ನು ಮೂರು ಸಲ ಹಾಡಿದಳು. ಅಧಿಕಾರಿಯ ನಗು ಬರಲಿಲ್ಲ.

ರೂಢಿಯಂತೆ ಡೋಲು ಏರಿತು. ಹಾಡುಗಾತಿ ಅಧ್ಯಕ್ಷರತ್ತ ಕೈ ಚಾಚಿದಳು. ಸಭೆ ಚಪ್ಪಾಳೆ ತಟ್ಟಿತು, ಪೇಪರಿನವರು ಮುಂದೆ ಬಂದರು. ಅಧ್ಯಕ್ಷರು ಹತ್ತಿ ಬಂದು, ಕ್ಯಾಮೆರಾದ ಕಡೆ ಹಲ್ಲು ತೋರಿಸುತ್ತಲೇ ಕೈಯೊಡ್ಡಿದರು.

ಆ ಕೈಗೆ ಅವಳು ನೆಲದ ಬಟ್ಟೆ ಇಟ್ಟಳು. ನೀರು ಅವರ ಅಂಗಿಯ ತೋಳಿನೊಳಕ್ಕೆ ಇಳಿಯಿತು.

"ಮಂಡಿ ಊರಿ ಸಾರ್. ನಿಂತ್ಕೊಂಡು ಆಗಲ್ಲ ಈ ಆಟ."

ಡೋಲು ನಿಂತು ಕಾಯಿತು. ಚಪ್ಪಾಳೆ ತಾಳಕ್ಕೆ ಬಿತ್ತು. ಅಧ್ಯಕ್ಷರು ಹಲ್ಲು ತೋರಿಸುತ್ತಲೇ ಒಂದು ಮಂಡಿ ಊರಿದರು, ಆಮೇಲೆ ಇನ್ನೊಂದು. ಬಾಗಿದಾಗ ಜೇಬಿನ ಕೀಲಿ ಜಾರಿ ಹಲಗೆಯ ಮೇಲೆ ಟಣ್ಣೆಂದಿತು. ಮೊದಲ ಸಾಲಿನಿಂದ ಅಧಿಕಾರಿ ಎದ್ದು ವೇದಿಕೆಯ ಮೆಟ್ಟಿಲು ಹತ್ತತೊಡಗಿದ, ಹಿಂದೆ ದುಭಾಷಿ.

ಹಾಡುಗಾತಿ ಕೀಲಿಯ ಮೇಲೆ ಪಾದ ಊರಿ ನಿಂತಳು. ಅಧ್ಯಕ್ಷರ ಕೈ ಒರೆಸುತ್ತಿದ್ದ ಕಡೆಯನ್ನೇ ನೋಡುತ್ತಿದ್ದಳು.

"ಮೂಲೆ ಬಿಟ್ರಿ ಸಾರ್" ಎಂದಳು.